ಇಂಪೇರಿಗೆ ಉಡಿ ತುಂಬಿದ್ದು

ನಮ್ಮೂರಿಗೆ ಹೊಸದಾಗಿ ಬಂದವರು ಇಂಪೀರಿಯಲ್ ಟಾಕೀಸ್ ಎಲ್ಲಿ ಎಂದು ಕೇಳಿದರೆ ಊರ ನಡುವೆ ಎಂದು ಯಾರು ಬೇಕಾದರೂ ಹೇಳುತ್ತಾರೆ. ಅದರ ಬಾಗಿಲು ಯಾವ ಕಡೆ ಎಂದು ಕೇಳಿದರೆ ಮಾತ್ರ ಒಂದು ಗಳಿಗೆ ತಡೆದು, ಇದು ಯಾವ ತಿಂಗಳು ಎಂದು ನೆನಪು ಮಾಡಿಕೊಳ್ಳಬೇಕಾಗುತ್ತದೆ. ನಮ್ಮ ಇಂಪೇರಿ ಒಂದೇ ಕಡೆ ಮುಖ ಮಾಡಿ ನಿಲ್ಲುವ ಪೈಕಿ ಅಲ್ಲ. ಕೆಲವು ತಿಂಗಳು ಕ್ಯಾಂಪ್ ರಸ್ತೆಯ ಕಡೆಗಿರುತ್ತದೆ, ಕೆಲವು ತಿಂಗಳು ಅರಳೆಪೇಟೆಯ ಕಡೆಗೆ, ಆಮೇಲೆ ಗಾಣಿಗೇರ ಓಣಿಯ ಕಡೆಗೆ ತಿರುಗಿ, ಅಲ್ಲಿಂದ ಮತ್ತೆ ಕ್ಯಾಂಪ್ ರಸ್ತೆಗೆ ಬರುತ್ತದೆ. ಪರವೂರಿನವರು ಇದನ್ನು ಕೇಳಿ ನಕ್ಕರೆ ನಾವೂ ಅವರ ಜೊತೆ ನಗುತ್ತೇವೆ. ನಿಮ್ಮೂರಿನ ಟಾಕೀಸಿಗೆ ಒಂದೇ ಕಡೆ ನಿಂತು ಬೇಸರ ಬರುವುದಿಲ್ಲವೇ ಎಂದು ತಿರುಗಿ ಕೇಳುತ್ತೇವೆ.

ನನ್ನ ಹೆಸರು ದಾವಲಸಾಬ. ಕಲಾಯಿ ಓಣಿಯಲ್ಲಿ ದರ್ಜಿ. ನಾನು ಹೇಳಬೇಕೆಂದಿರುವುದು ನನ್ನ ಅಂಗಡಿಯ ಪಕ್ಕದ ಮನೆಯ ಫಕೀರವ್ವನ ಸಂಗತಿ. ಆದರೆ ಇಂಪೇರಿಯನ್ನು ಬಿಟ್ಟು ಫಕೀರವ್ವನ ಸಂಗತಿ ಹೇಳಲಾಗದು, ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಅದನ್ನು ಕಟ್ಟಿಸಿದವರು ಸಾಹೇಬರು. ಕ್ಯಾಂಪಿನಲ್ಲಿ ಗೋರಾ ಪಲ್ಟಣ ಇದ್ದ ಕಾಲವದು. ದೊರೆಗಳಿಗೂ ದೊರೆಸಾನಿಯರಿಗೂ ಸಂಜೆ ಹೊತ್ತು ಹೋಗುತ್ತಿರಲಿಲ್ಲವಂತೆ. ಒಬ್ಬ ಇಂಜಿನಿಯರ್ ಸಾಹೇಬ ನಕ್ಷೆ ಬರೆದ, ಮುಂಬಯಿ ಕಡೆಯ ಪಾರ್ಸಿ ಗುತ್ತಿಗೆದಾರನೊಬ್ಬ ಕೆಲಸ ಹಿಡಿದ. ಕಬ್ಬಿಣದ ಕಂಬಗಳು ಹಡಗಿನಲ್ಲಿ ಬಂದವು. ಅವುಗಳ ಬುಡದಲ್ಲಿ ಯಾವುದೋ ವಿಲಾಯಿತಿ ಕಾರ್ಖಾನೆಯ ಹೆಸರು ಇವತ್ತಿಗೂ ಕೈಗೆ ತಾಗುತ್ತದೆ. ಒಳಗೆ ಕಾಲಿಟ್ಟರೆ ನೆಲಕ್ಕೆ ಬಣ್ಣ ಬಣ್ಣದ ಬಿಲ್ಲೆಗಳು, ಬಾಲ್ಕನಿಗೆ ಏರಲು ಸಾಗವಾನಿಯ ಸುರುಳಿ ಮೆಟ್ಟಿಲು, ಎತ್ತರದ ಗೋಡೆಯಲ್ಲಿ ಹಗ್ಗ ಜಗ್ಗಿ ತೆರೆಯುವ ಗಾಳಿಕಿಂಡಿಗಳು. ಮುಂಬಾಗಿಲಿನ ಆಚೆಗೊಂದು ಈಚೆಗೊಂದು ಗಾರೆಯ ಆನೆ, ನೆತ್ತಿಯ ಮೇಲೆ ಗಾರೆಯದೇ ಕಿರೀಟ. ಆನೆಗಳನ್ನು ಮಾಡಿದ ಗೌಂಡಿ ಆನೆ ನೋಡಿದ್ದನೋ ಇಲ್ಲವೋ, ಕಾಲುಗಳು ಮಾತ್ರ ಥೇಟ್ ಎಮ್ಮೆಯ ಕಾಲುಗಳು. ಸಾಹೇಬರು ಆ ಆನೆಗಳ ನಡುವಿನಿಂದ ಹೋಗಿ ಮೇಲಿನ ಬಾಕ್ಸಿನಲ್ಲಿ ಕೂರುತ್ತಿದ್ದರು. ನಮ್ಮ ಜನಕ್ಕೆ ಪರದೆಯ ಪಕ್ಕದಲ್ಲಿ ತಲೆ ಬಗ್ಗಿಸಿ ಹೋಗುವ ಗಿಡ್ಡ ಬಾಗಿಲು, ಬೆನ್ನಿಗೆ ಆಸರೆಯಿಲ್ಲದ ಬೆಂಚು. ಕಟ್ಟಡದ ಮುಖ ಪೂರಾ ಕ್ಯಾಂಪಿಗೆ, ಬೆನ್ನು ಪೂರಾ ಊರಿಗೆ. ಅದೇನೂ ಅಪ್ಪಿತಪ್ಪಿ ಆದದ್ದಲ್ಲ, ಹಾಗೆಂದೇ ಕಟ್ಟಿದ್ದು.

ಮೊದಲ ಮಳೆಗಾಲದಲ್ಲೇ ಅದು ತಿರುಗಿತು. ಹಗಲಿನ ಮ್ಯಾಟಿನಿ ಮುಗಿಸಿ ದೊರೆಗಳೂ ದೊರೆಸಾನಿಯರೂ ಆನೆಗಳ ನಡುವಿನಿಂದ ಹೊರಗೆ ಬಂದು ನೋಡುತ್ತಾರೆ, ಎದುರಿಗೆ ಅರಳೆಪೇಟೆ! ಹತ್ತಿಯ ಗಾಡಿಗಳು, ಮೆಲುಕು ಹಾಕುತ್ತಾ ನಿಂತ ಎತ್ತುಗಳು, ಬಾಯಿ ಬಿಟ್ಟುಕೊಂಡು ನೋಡುತ್ತಿರುವ ಹಮಾಲರು. ಸಾರೋಟಿನವರು ಪಾಪ ಆ ಕಡೆ ಕ್ಯಾಂಪ್ ರಸ್ತೆಯಲ್ಲಿ ಕಾಯುತ್ತಿದ್ದರು. ಕಲೆಕ್ಟರ ಕೆಂಡವಾದ. ಇನ್ನೊಮ್ಮೆ ಹೀಗಾಗದಂತೆ ಕಟ್ಟಡಕ್ಕೆ ಸುತ್ತ ಹಗ್ಗ ಬಿಗಿಸಿ, ಮುಂಬಾಗಿಲಿಗೆ ಸಿಪಾಯಿಗಳನ್ನು ನಿಲ್ಲಿಸಿದ. ಸಿಪಾಯಿಗಳು ನಿಷ್ಠೆಯಿಂದ ನಿಂತೇ ಇದ್ದರು. ಸಂಜೆ ತಿರುಗಿ ನೋಡಿದಾಗ ಅವರು ಕಾಯುತ್ತಿದ್ದದ್ದು ಪಕ್ಕದ ಗೋಡೆಯನ್ನು. ಕೊನೆಗೆ ಸಾಹೇಬರೇ ಸೋತು, ಬಾಗಿಲು ಎಲ್ಲಿದ್ದರೂ ಸಾರೋಟು ಹೋಗಲೆಂದು ಕಟ್ಟಡದ ಸುತ್ತ ಒಂದು ರಸ್ತೆ ಹಾಕಿಸಿದರು. ಆ ಸುತ್ತು ರಸ್ತೆ ಈಗಲೂ ಗಟ್ಟಿಯಾಗಿದೆ, ಅದೊಂದು ಉಪಕಾರವನ್ನು ಒಪ್ಪಲೇಬೇಕು. ಸ್ವಾತಂತ್ರ್ಯ ಬಂದ ದಿನ ಇಂಪೇರಿಯ ಮುಖ ಗಾಣಿಗೇರ ಓಣಿಗಿತ್ತು. ಹಾಗಾಗಿ ಊರಿನ ದೊಡ್ಡವರೆಲ್ಲ ಇಸ್ತ್ರಿ ಮಾಡಿದ ಖಾದಿ ಉಟ್ಟು, ಹಿಂಡಿಯ ಜಿಡ್ಡಿನಲ್ಲಿ ಜಾರುತ್ತಾ ಅಲ್ಲಿಗೇ ಹೋಗಿ ಬಾವುಟ ಹಾರಿಸಬೇಕಾಯಿತು. ಗಾರೆಯ ಕಿರೀಟವನ್ನು ಕೆತ್ತಿ ಹಾಕೋಣವೆಂಬ ಮಾತೂ ಬಂತು. ಅದರಲ್ಲಿ ಪಾರಿವಾಳ ಗೂಡು ಕಟ್ಟಿತ್ತು. ಮರಿ ಹಾರಿಹೋದ ಮೇಲೆ ನೋಡೋಣ ಎಂದರು. ಪಾರಿವಾಳಕ್ಕೆ ಮರಿ ಇಲ್ಲದ ತಿಂಗಳು ಇಲ್ಲಿಯವರೆಗೆ ಬಂದಿಲ್ಲ.

ಬರುತ್ತದೆ, ಇರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಹಾಗಾದರೆ ಇದು ತವರಿಗೆ ಬಂದು ಹೋಗುವ ಮಗಳೇ ಸರಿ ಎಂದು ಊರಿನ ಹೆಂಗಸರು ಎಂದೋ ತೀರ್ಮಾನಿಸಿಬಿಟ್ಟರು. ಮಗಳನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಒಂದು ಓಣಿಯಲ್ಲಿ ಅದು ಇರುವಷ್ಟು ದಿನ ಇದ್ದಾದ ಮೇಲೆ, ಆ ಓಣಿಯ ಐವರು ಮುತ್ತೈದೆಯರು ಆನೆಗಳ ನಡುವಿನ ಹೊಸ್ತಿಲ ಮೇಲೆ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಸಿನದ ಕೊಂಬು, ಒಂದು ಕುಪ್ಪಸದ ಕಣ ಇಟ್ಟು ಉಡಿ ತುಂಬುತ್ತಾರೆ. ಆಮೇಲೆ ಮ್ಯಾಟಿನಿ ಶುರುವಾಗುತ್ತದೆ. ಒಳಗೆ ಹೋದವರು ಆಟ ಮುಗಿಸಿ ಮುಂದಿನ ಓಣಿಯಲ್ಲಿ ಹೊರಬೀಳುತ್ತಾರೆ. ಹೊರಗೆ ಕಣ್ಣು ಕೀಲಿಸಿ ಕೂತವರಿಗೂ ಅದು ತಿರುಗಿದ್ದು ಕಾಣುವುದಿಲ್ಲ. ಗಡಿಯಾರದ ಸಣ್ಣ ಮುಳ್ಳು ಸರಿದದ್ದು ಯಾರಿಗೆ ಕಾಣುತ್ತದೆ? ಈ ರೂಢಿ ಬಿದ್ದ ಮೇಲೆ, ಉಡಿ ತುಂಬದಿದ್ದರೆ ಮಾತ್ರ ಅದು ಜಪ್ಪಯ್ಯ ಎಂದರೂ ಕದಲುವುದಿಲ್ಲ. ಒಮ್ಮೆ ಕ್ಯಾಂಪಿನ ಬಂಗಲೆಯವರು ಇದೆಲ್ಲ ಹಳ್ಳಿಯವರ ಹುಚ್ಚಾಟವೆಂದು ಸುಮ್ಮನಿದ್ದರು. ಕೊನೆಗೆ ಸಿನಿಮಾದ ಜನರ ಗದ್ದಲ ತಾಳಲಾರದೆ, ಅವರ ಮನೆಯ ಹೆಂಗಸರೇ ಕಾರಿನಲ್ಲಿ ತೆಂಗಿನಕಾಯಿ ತಂದರು.

ಇನ್ನು ನಮ್ಮ ಕಲಾಯಿ ಓಣಿ. ಅರಳೆಪೇಟೆಗೂ ಗಾಣಿಗೇರ ಓಣಿಗೂ ನಡುವೆ ಇರುವುದು ನಾವೇ. ಆದರೂ ಇಂಪೇರಿ ನಮ್ಮ ಮುಂದೆ ಒಂದು ದಿನವೂ ನಿಂತದ್ದಿಲ್ಲ, ನಮ್ಮನ್ನು ದಾಟಿ ನೇರ ಗಾಣಿಗೇರ ಓಣಿಗೆ ಹೋಗುತ್ತಿತ್ತು. ಯಾಕೆ ಎಂದರೆ ಅದರ ಮರ್ಜಿ. ನಮ್ಮ ಪಾಲಿಗೆ ಬರುತ್ತಿದ್ದದ್ದು ಅದರ ಬೆನ್ನು, ಇಲ್ಲವೇ ಪಕ್ಕೆ: ಪಾಚಿಗಟ್ಟಿದ ಎತ್ತರದ ಗೋಡೆ. ನಾವು ಸಿನಿಮಾಗಳನ್ನು ಕಿವಿಯಿಂದಲೇ ನೋಡಿ ಬೆಳೆದವರು. ಗೋಡೆಯ ಆಚೆ ಹೊಡೆದಾಟ ನಡೆದರೆ ಈಚೆ ಪಾತ್ರೆ ಬಡಿಯುವವರ ಸುತ್ತಿಗೆಯೂ ಜೋರಾಗುತ್ತಿತ್ತು.

ಫಕೀರವ್ವನ ಗಂಡ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಮನೆ ಮನೆಗೆ ಸ್ಟೀಲ್ ಪಾತ್ರೆ ಬಂದು ಕೆಲಸ ನಿಂತಿತು, ಅದರ ಹಿಂದೆಯೇ ಅವನೂ ತೀರಿಹೋದ. ಆಗ ಮಗಳು ನಾಗರತ್ನ ಇನ್ನೂ ಚಿಕ್ಕವಳು. ಫಕೀರವ್ವ ಅತ್ತಳು, ಕಣ್ಣೊರೆಸಿಕೊಂಡಳು, ಗಂಡನ ಕಬ್ಬಿಣದ ಒಲೆಯನ್ನು ತಲೆಯ ಮೇಲಿಟ್ಟುಕೊಂಡು ಇಂಪೇರಿಯ ಬಾಗಿಲು ಎಲ್ಲಿದೆಯೋ ಅಲ್ಲಿಗೆ ಹೋಗಿ ಮಿರ್ಚಿ ಭಜಿ ಕರಿಯತೊಡಗಿದಳು. ಪರಓಣಿಯ ಹೆಂಗಸು ತಮ್ಮ ಓಣಿಗೆ ಬಂದು ವ್ಯಾಪಾರಕ್ಕೆ ಕೂತಳೆಂದು ಯಾರೂ ಒಂದು ಮಾತು ಆಡಲಿಲ್ಲ, ಅದು ದೊಡ್ಡದು. ಅರಳೆಪೇಟೆಯಲ್ಲಿ ಹತ್ತಿ ಅಂಗಡಿಯ ಕಟ್ಟೆಯ ಕೆಳಗೆ ಜಾಗ ಕೊಟ್ಟರು. ಕ್ಯಾಂಪ್ ರಸ್ತೆಯಲ್ಲಿ ಹೂವಿನವರು ಒತ್ತಿಕೊಂಡು ಕೂತರು. ಗಾಣಿಗೇರ ಓಣಿಯಲ್ಲಂತೂ ಹುರಿದ ಶೇಂಗಾ ಮಾರುವ ಹೊನ್ನವ್ವ ತನ್ನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, "ಬಾರವ್ವಾ, ಶೇಂಗಾ ತಿಂದಾವರಿಗೆ ಖಾರ ಬೇಕಾಕ್ಕೈತಿ, ಖಾರ ತಿಂದಾವರಿಗೆ ಶೇಂಗಾ ಬೇಕಾಕ್ಕೈತಿ. ಇಬ್ಬರದೂ ನಡೀತೈತಿ" ಎಂದು ಕೂರಿಸಿಕೊಂಡಳು. ಅಂದಿನಿಂದ ಫಕೀರವ್ವ ವರ್ಷವಿಡೀ ಇಂಪೇರಿಯ ಬಾಗಿಲ ಜೊತೆಗೇ ಸುತ್ತಿದಳು. ಮಗಳನ್ನು ಬೆಳೆಸಿದಳು, ಮದುವೆ ಮಾಡಿದಳು. ಸಂಜೆ ಮನೆಗೆ ಬಂದವಳು ಪಾಚಿಗಟ್ಟಿದ ಆ ಗೋಡೆಗೆ ಅಂಗೈ ಹಚ್ಚಿ ಹಣೆಗೆ ಮುಟ್ಟಿಸಿಕೊಳ್ಳುವುದನ್ನು ನಾನು ಹೊಲಿಗೆ ಯಂತ್ರದ ಮುಂದೆ ಕೂತು ದಿನಾ ನೋಡುತ್ತಿದ್ದೆ.

ನಾಗರತ್ನನ ನಸೀಬು ತಾಯಿಯದಕ್ಕಿಂತ ಬೇರೆಯಾಗಲಿಲ್ಲ. ಅವಳ ಗಂಡನೂ ಹೋದ. ಅತ್ತೆಯ ಮನೆಯಲ್ಲಿ ನೆಲೆ ಸಿಗಲಿಲ್ಲ, ತಾಯಿಯ ಒಂದು ಒಲೆಯಲ್ಲಿ ಮೂರು ಹೊಟ್ಟೆ ತುಂಬಲಿಲ್ಲ. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ದೀಪಾವಳಿ ಮುಗಿಯುತ್ತಲೇ ಹೋದರೆ, ಬೇಸಿಗೆ ಬಲಿತ ಮೇಲೆ ಕೈಯೆಲ್ಲ ಸೀಳಿಸಿಕೊಂಡು ಬರುತ್ತಿದ್ದಳು. ಅವಳ ಮಗಳು ಚಂಪಾ ಹೊಲದ ಬದುವಿನ ಮೇಲೆ, ಹೊದಿಕೆಯಿಲ್ಲದ ಗುಡಿಸಲಲ್ಲಿ ಬೆಳೆಯುತ್ತಿದ್ದಳು. ಮಗು ಶಾಲೆಗೆ ಹೋಗುವ ವಯಸ್ಸಿಗೆ ಬಂದಿತ್ತು. "ಈ ವರ್ಷಾದ್ರೂ ಇಬ್ಬರನ್ನೂ ಮನ್ಯಾಗ ಇಟಗೋಬೇಕ ದಾವಲಣ್ಣ, ಹೆಂಗರ ಮಾಡಿ" ಎಂದು ಫಕೀರವ್ವ ನನ್ನ ಹತ್ತಿರ ಎಷ್ಟು ಸಲ ಹೇಳಿದಳೋ. ಹೇಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ, ನನಗೂ ಹೊಳೆಯಲಿಲ್ಲ.

ಆ ವರ್ಷದ ಶ್ರಾವಣದಲ್ಲಿ ಅರಳೆಪೇಟೆಯವರು ಎಂದಿನಂತೆ ಉಡಿ ತುಂಬಿದರು. ಮ್ಯಾಟಿನಿ ಶುರುವಾಯಿತು. ಫಕೀರವ್ವ ಎಂದಿನಂತೆ ಮೊದಲೇ ಗಾಣಿಗೇರ ಓಣಿಗೆ ಹೋಗಿ, ಹೊನ್ನವ್ವನ ಪಕ್ಕದಲ್ಲಿ ಒಲೆ ಹೂಡಿ, ಎಣ್ಣೆ ಕಾಯಿಸಿ, ಹಿಟ್ಟು ಕಲಸಿ ಕೂತಳು. ಆಟ ಬಿಡುವ ಹೊತ್ತಾಯಿತು. ಆನೆಗಳು ಬರಲಿಲ್ಲ. ಎದುರಿಗೆ ಗಾಳಿಕಿಂಡಿಗಳ ಪಕ್ಕದ ಗೋಡೆ ನಿಂತಿತ್ತು. ಗಾಣಿಗೇರ ಓಣಿಗೆ ಓಣಿಯೇ ಮುಖ ಮುಖ ನೋಡಿಕೊಂಡಿತು.

ಇತ್ತ ನಾನು ಒಂದು ಜಂಪರಿಗೆ ಗುಂಡಿ ಹಚ್ಚುತ್ತಾ ಕೂತವನು, ಓಣಿಯಲ್ಲಿ ಬೆಳಕು ಬೇರೆಯಾದಂತೆ ಅನ್ನಿಸಿ ತಲೆಯೆತ್ತಿದೆ. ನನ್ನ ಅಂಗಡಿಯ ಎದುರಿಗೆ ಆನೆ. ಬಾಗಿಲುಗಳು ಧಡ್ಡನೆ ತೆರೆದುಕೊಂಡು ಜನ ನಮ್ಮ ಇಕ್ಕಟ್ಟಿನ ಓಣಿಗೆ ಸುರಿದರು. ಮ್ಯಾನೇಜರ್ ನಾಡಿಗೇರರು ಕೈಯಲ್ಲಿ ಬೀಗದ ಗೊಂಚಲು ಹಿಡಿದು ಹೊರಗೆ ಬಂದು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಇದ್ಯಾವ ಓಣಿ ಮಾರಾಯ?" ಎಂದು ನನ್ನನ್ನೇ ಕೇಳಿದರು. ಮೂವತ್ತು ವರ್ಷ ಅದೇ ಕಟ್ಟಡದಲ್ಲಿ ಕೆಲಸ ಮಾಡಿದ ಮನುಷ್ಯ!

"ಕಲಾಯಿ ಓಣಿ ಸಾಹೇಬ್ರ. ಬರ್ರಿ, ಚಹಾ ಕುಡೀರಿ" ಎಂದೆ. ಓಣಿಯ ಮುದುಕರು ಆನೆಗಳ ಎಮ್ಮೆಗಾಲುಗಳನ್ನು ಮುಟ್ಟಿ ಮುಟ್ಟಿ ನೋಡಿ ಕಣ್ಣು ಒರೆಸಿಕೊಂಡರು.

ಸುದ್ದಿ ಗಾಣಿಗೇರ ಓಣಿ ಮುಟ್ಟಿದಾಗ ಫಕೀರವ್ವ ಕೂತಲ್ಲಿಂದ ಏಳಲಾರದೆ ಹೋದಳಂತೆ. ಹೊನ್ನವ್ವನೇ ಅವಳನ್ನು ರಟ್ಟೆ ಹಿಡಿದು ಎಬ್ಬಿಸಿದಳು. ಆ ದಿನದ ವ್ಯಾಪಾರ ತನ್ನ ಕೈತಪ್ಪಿದ್ದನ್ನು ಆಕೆ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. "ಏಳ ಹುಚ್ಚಿ, ನಿಮ್ಮನಿ ಮುಂದ ಬಂದ ಕುಂತೈತಿ, ನೀ ಇಲ್ಲೇನ ಮಾಡ್ತಿ?" ಎಂದು ನಗುತ್ತಾ, ಎಣ್ಣೆಯನ್ನು ಕೊಡಕ್ಕೆ ಬಗ್ಗಿಸಿ, ಹಿಟ್ಟಿನ ಪಾತ್ರೆಯನ್ನು ತಾನೇ ಹೊತ್ತು ನಮ್ಮ ಓಣಿಯವರೆಗೆ ಬಂದಳು. ಒಲೆ ಹೂಡಿಕೊಟ್ಟು, ಮೊದಲ ಭಜಿ ತಾನೇ ತಿಂದು ಹೋದಳು.

ಆಮೇಲಿನ ದಿನಗಳು ನಮ್ಮ ಓಣಿಗೆ ಹಬ್ಬ. ಬಾಗಿಲು ಮುಚ್ಚಿದ್ದ ಕಲಾಯಿ ಅಂಗಡಿಗಳೆಲ್ಲ ಚಹಾದಂಗಡಿಗಳಾದವು. ನನ್ನ ಹತ್ತಿರ ರವಿಕೆ ಹೊಲಿಸಲು ಕ್ಯಾಂಪಿನ ಹೆಂಗಸರು ಬರತೊಡಗಿದರು. ಫಕೀರವ್ವ ತನ್ನ ಮನೆಯ ಕಟ್ಟೆಯ ಮೇಲೆಯೇ ಕೂತು ಭಜಿ ಕರಿದರೆ, ಪಕ್ಕದಲ್ಲಿ ನಾಗರತ್ನ ಇನ್ನೊಂದು ಒಲೆ ಹಚ್ಚಿ ಚುರಮುರಿಯ ಗಿರಮಿಟ್ಟು, ಚಹಾ ಮಾಡತೊಡಗಿದಳು. ಎರಡೂ ಒಲೆಗಳ ಮುಂದೆ ಜನ ಮುಗಿಬಿದ್ದರು. ಚಂಪಾಳನ್ನು ಶಾಲೆಗೆ ಹಚ್ಚಿದರು. ಸಮವಸ್ತ್ರ ನಾನೇ ಹೊಲಿದೆ. ನಾಗರತ್ನನ ಅಂಗೈಯ ಸೀಳುಗಳು ಕೂಡಿಕೊಂಡವು. "ಗ್ಯಾಂಗಿನ ಗಾಡಿ ಬಂದ್ರ ಬರೂದಿಲ್ಲ ಅಂತ ಹೇಳಿಬಿಡ್ತೀನಿ ಕಾಕಾ" ಎಂದು ಒಂದು ದಿನ ನನಗೆ ಹೇಳಿದಳು. ಆ ಹುಡುಗಿ ನಗುವುದನ್ನು ನಾನು ಎಷ್ಟೋ ವರ್ಷಗಳ ಮೇಲೆ ನೋಡಿದ್ದು ಆಗ.

ಗಾಣಿಗೇರ ಓಣಿಯವರು ಮೊದಲಿಗೆ ಏನೂ ಅನ್ನಲಿಲ್ಲ. "ಇರಲಿ ಬಿಡ್ರಿ, ಪಾಪ, ಒಂದಸಲಾನೂ ಕಂಡಿರಲಿಲ್ಲ. ನಾಕ ದಿನಾ ಉಣ್ಣಲಿ" ಎಂದರು. ದಸರೆಯ ಬನ್ನಿಹಬ್ಬ ಹತ್ತಿರ ಬಂದಾಗ, ಇನ್ನು ಕಳಿಸಿಕೊಡಿ ಎಂದು ಹೇಳಿ ಕಳಿಸಿದರು. ಆಗ ನಮ್ಮ ಓಣಿಯ ಬುದ್ಧಿವಂತಿಕೆ ನೋಡಬೇಕಿತ್ತು. ಒಮ್ಮೆ ಒಳ್ಳೆಯ ದಿನವಿಲ್ಲ ಎಂದರು, ಒಮ್ಮೆ ಉಡಿ ತುಂಬುವ ರೀತಿ ನಮಗೆ ತಿಳಿಯದು, ಕಲಿತುಕೊಳ್ಳುತ್ತೇವೆ ಎಂದರು. ಒಮ್ಮೆ ತೆಂಗಿನಕಾಯಿ ಕೆಟ್ಟುಹೋಗಿತ್ತಂತೆ. ಇಡೀ ಬಜಾರಿನಲ್ಲಿ ಇನ್ನೊಂದು ಕಾಯಿ ಇರಲಿಲ್ಲವೇ ಎಂದು ಯಾರೂ ಕೇಳಲಿಲ್ಲ. ಹೌದೌದು ಎಂದು ತಲೆ ಆಡಿಸಿದವರಲ್ಲಿ ನಾನೂ ಒಬ್ಬ. ಬಂದ ಭಾಗ್ಯವನ್ನು ಬಾಗಿಲವರೆಗೆ ಕರೆದೊಯ್ದು ಕಳಿಸುವಷ್ಟು ಮಳ್ಳರೇನು ನಾವು?

ಒಂದು ಮಧ್ಯಾಹ್ನ ಹೊನ್ನವ್ವ ಬಂದಳು. ಜಗಳಕ್ಕೆ ಬಂದಳೆಂದು ನಾವೆಲ್ಲ ಕಿವಿ ನಿಗುರಿಸಿದೆವು. ಅವಳು ಫಕೀರವ್ವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು, ಭಜಿ ತಿಂದು, ನೀರು ಕುಡಿದು, ಚಂಪಾಳ ತಲೆ ಸವರಿದಳು. ಅವಳ ಸೀರೆಗೆ ತೇಪೆ ಬಿದ್ದಿತ್ತು, ಮುಖ ಇಳಿದಿತ್ತು. ಶೇಂಗಾ ಹುರಿಯುವ ಮರಳು ತಣ್ಣಗಾಗಿ ಎಷ್ಟು ದಿನವಾಗಿತ್ತೋ. ಅದರ ಬಗ್ಗೆ ಅವಳು ಒಂದು ಮಾತೂ ಎತ್ತಲಿಲ್ಲ. ಏಳುವಾಗ ಮಾತ್ರ, "ನಿನ್ನ ಜಾಗಾ ಸಾರಿಸಿ ಇಟ್ಟೀನಿ ಫಕೀರಿ. ಯಾವಾಗ ಬರ್ತಿ?" ಎಂದು ಕೇಳಿದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಕೇಳಿದಳು.

ಫಕೀರವ್ವ ಅವಳು ಹೋದ ದಾರಿಯನ್ನೇ ನೋಡುತ್ತಾ ಕೂತಳು. ಎಣ್ಣೆಯಲ್ಲಿದ್ದ ಭಜಿ ಕರ್ರಗಾಗಿ ಹೋಯಿತು.

ದೀಪಾವಳಿ ಹತ್ತಿರವಾದಾಗ ಊರಿನ ಮಾತು ಬಿಗಿಯಾಯಿತು. ನಾಡಿಗೇರರೂ ಬಂದು, "ಹಿಂಗ ಮಾಡಿದ್ರ ಹೆಂಗ್ರೀ? ನಾಳೆ ನಿಮ್ಮ ಓಣಿ ನೀರನ್ನೂ ಊರ ಮಂದಿ ಮುಟ್ಟೂದಿಲ್ಲ" ಎಂದು ಹೆದರಿಸಿದರು. ಒಲ್ಲದ ಮನಸ್ಸಿನಿಂದ ನಮ್ಮ ಓಣಿ ಒಪ್ಪಿತು. ಗುರುಸಿದ್ಧವ್ವನೆಂಬ ಹಿರಿಯ ಮುತ್ತೈದೆ ಇನ್ನೂ ನಾಲ್ವರನ್ನು ಕಟ್ಟಿಕೊಂಡು ಹೊಸ್ತಿಲಿಗೆ ಹೋಗಿ ಎಲ್ಲವನ್ನೂ ಕ್ರಮದಂತೆ ಇಟ್ಟಳು. ಮ್ಯಾಟಿನಿ ಶುರುವಾಯಿತು. ನಾವು ಕೆಲಸ ಬಿಟ್ಟು, ಸತ್ತ ಮನೆಯವರಂತೆ ಕಟ್ಟೆಗಳ ಮೇಲೆ ಕೂತೆವು. ಆಟ ಮುಗಿಯಿತು. ಬಾಗಿಲು ತೆರೆಯಿತು. ಜನ ಹೊರಗೆ ಬಂದರು, ನಮ್ಮ ಓಣಿಗೇ ಬಂದರು! ಇಂಪೇರಿ ಒಂದು ಗೇಣೂ ಸರಿದಿರಲಿಲ್ಲ.

ಆ ಸಂಜೆ ನಮ್ಮವರು ಕುಣಿದದ್ದೇ ಕುಣಿದದ್ದು. ನಾವು ಮಾಡುವುದನ್ನು ಮಾಡಿದ್ದಾಯಿತು, ಅದಕ್ಕೇ ಹೋಗಲು ಮನಸ್ಸಿಲ್ಲದಿದ್ದರೆ ನಮ್ಮ ತಪ್ಪೇನು ಎಂದು ಊರಿಗೆಲ್ಲ ಹೇಳಿದರು. ಗಾಣಿಗೇರ ಓಣಿಯವರು ತಲೆ ತಗ್ಗಿಸಿಕೊಂಡು ಹೋದರು. ಫಕೀರವ್ವ ಒಬ್ಬಳೇ ನಗಲಿಲ್ಲ. ಒಲೆ ಆರಿಸಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನನ್ನ ಅಂಗಡಿಗೆ ಬಂದಳು.

"ದಾವಲಣ್ಣ, ಒಂದು ಚೊಲೋ ಕಣ ಕೊಡು" ಎಂದಳು.

"ಯಾರಿಗವ್ವ?"

"ಇಂಪೇರಿಗೆ. ಅದು ಹೋಗೂದಿಲ್ಲ ಅನ್ನವಲ್ದು. ನಾ ಬಿಡವಲ್ಲೆ, ಅದಕ್ಕ ನಿಂತೈತಿ. ಅವರು ಐದೂ ಮಂದಿ ಉಡಿ ತುಂಬೂವಾಗ ನಾ ಇಲ್ಲೆ ಕುಂತು, ಹೋಗಬ್ಯಾಡ ಯವ್ವಾ, ಹೋಗಬ್ಯಾಡ ಅಂತ ಮನಸಿನ್ಯಾಗ ಒಂದ ಸವನ ಅಂತಿದ್ನಿ. ಮಗಳು ತಾಯಿ ಮಾತು ಕೇಳ್ತಾಳೋ, ಮಂದಿ ಮಾತು ಕೇಳ್ತಾಳೋ?"

ನನಗೆ ಸಿಟ್ಟು ಬಂತು. "ನಿನಗ ತಲಿ ಗಿಲಿ ಕೆಟ್ಟೈತೇನು? ಅದು ಹೋದ್ರ ನಾಗಿ ಮತ್ತ ಕಬ್ಬಿಗೆ ಹೊಕ್ಕಾಳ. ಆ ಕೂಸು ಸಾಲಿ ಬಿಟ್ಟು ಬದುವಿನ ಮ್ಯಾಲ ಕುಂದರತೈತಿ. ಸುಮ್ಮ ಇರು" ಎಂದೆ. ಇಷ್ಟಕ್ಕೂ, ಗಂಡ ಸತ್ತ ಹೆಂಗಸು ಉಡಿ ತುಂಬಲು ಹೋದರೆ ಓಣಿ ಬಿಡುತ್ತದೆಯೇ? ಅದನ್ನು ಬಾಯಿಬಿಟ್ಟು ಹೇಳಲು ನನಗೆ ಆಗಲಿಲ್ಲ. ಅವಳಿಗೆ ತಿಳಿಯಿತು.

"ಗೊತ್ತೈತಿ" ಎಂದಳು. "ಆದ್ರ ದಾವಲಣ್ಣ, ಇಷ್ಟ ವರ್ಷ ಆ ಮಂದಿ ಒತ್ತಿಗೊಂಡು ಕುಂತು ನನಗ ಜಾಗಾ ಕೊಟ್ಟಾರ. ಒಬ್ಬರೂ ಏಳು ಅನ್ನಲಿಲ್ಲ. ಹೊನ್ನಿ ಹಿಟ್ಟಿನ ಪಾತ್ರಿ ಹೊತ್ತಗೊಂಡು ನಮ್ಮನಿತನಾ ಬಂದ್ಲು. ಈಗ ಆಕಿ ಒಲಿ ಆರಿಸಿ ನಾ ನನ್ನ ಒಲಿ ಹಚ್ಚಿದ್ರ ಆ ಅನ್ನ ನನಗ ಗಂಟಲದಾಗ ಇಳಿಯೂದಿಲ್ಲ."

ನನ್ನ ಹತ್ತಿರ ಹಸಿರು ದಡಿಯ ಒಂದು ಇಳಕಲ್ ಕಣ ಇತ್ತು. ನನ್ನ ತಂಗಿಗೆಂದು ಎತ್ತಿಟ್ಟದ್ದು. ಅದನ್ನೇ ಕೊಟ್ಟೆ.

ಮರುದಿನ ಮ್ಯಾಟಿನಿಗೆ ಮೊದಲು ಫಕೀರವ್ವ ತಲೆಗೆ ಸ್ನಾನ ಮಾಡಿ, ಮಡಿಸಿಟ್ಟಿದ್ದ ಸೀರೆ ಉಟ್ಟು ಹೊರಗೆ ಬಂದಳು. ಅಕ್ಕಿಯ ಮೊರ ಅವಳ ಕೈಯಲ್ಲಿತ್ತು. ತೆಂಗಿನಕಾಯಿ ಹಿಡಿದು ನಾಗರತ್ನ ಹಿಂದಿನಿಂದ ಬರುತ್ತಿದ್ದಳು. ಅವಳ ಕಣ್ಣು ಊದಿಕೊಂಡಿತ್ತು, ಆದರೆ ಹೆಜ್ಜೆ ತಡವರಿಸಲಿಲ್ಲ. ತಾಯಿ ಅವಳನ್ನು ಕೇಳಿಯೇ ಹೊರಟಿದ್ದಳು ಎಂದು ನನಗೆ ಆಮೇಲೆ ತಿಳಿಯಿತು.

ಗುರುಸಿದ್ಧವ್ವ ಅಡ್ಡ ಬಂದಳು. "ಏನ ಫಕೀರವ್ವ ಇದು? ಕೈಯಾಗ ಬಳಿ ಇಲ್ಲ, ಹಣಿ ಮ್ಯಾಲ ಕುಂಕುಮ ಇಲ್ಲ. ನೀವಿಬ್ಬರೂ ಉಡಿ ತುಂಬತೀರೇನು?"

"ನೀವು ಐದೂ ಮಂದಿ ತುಂಬೀರೆಲ್ಲವ್ವ. ಹೋತೇನು?" ಎಂದಳು ಫಕೀರವ್ವ ಮೆಲ್ಲಗೆ. ಗುರುಸಿದ್ಧವ್ವ ದಾರಿ ಬಿಟ್ಟಳು.

ಹೊಸ್ತಿಲ ಮುಂದೆ ಕೂತು ಫಕೀರವ್ವ ಅಕ್ಕಿ ಸುರಿದಳು, ಕಣ ಇಟ್ಟಳು, ನಾಗರತ್ನ ಕಾಯಿ ಇಟ್ಟಳು. ಆಮೇಲೆ ಫಕೀರವ್ವ ಎಡಗಡೆಯ ಆನೆಯ ಕಾಲಿಗೆ, ದಿನಾ ಆ ಪಾಚಿಗಟ್ಟಿದ ಗೋಡೆಗೆ ಹಚ್ಚುತ್ತಿದ್ದ ಹಾಗೆಯೇ, ಅಂಗೈ ಹಚ್ಚಿದಳು. "ಯವ್ವಾ, ನೀ ನನ್ನ ಬಾಗಲಿಗೆ ಬಂದಿ, ನನ್ನ ಕಣ್ಣು ತಂಪಾದುವು. ಬರಲಾರದಾಗೂ ನೀನ ನನ್ನ ಸಾಕೀದಿ. ಈಕೀನ್ನೂ ಸಾಕೀದಿ. ನಿನ್ನ ಋಣಾ ನಾ ಹೆಂಗ ತೀರಸಲಿ? ಹಿಡದ ಇಟಗೊಂಡು ತೀರಸಾಕ ಆಗೂದಿಲ್ಲ. ಹೊನ್ನಿ ಹಾದಿ ಕಾಯಾಕತ್ತಾಳ. ಹೋಗಿ ಬಾ ನನ್ನವ್ವ. ನಾ ಬಿಟ್ಟೀನಿ" ಎಂದಳು. ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಗಂಡಸು, ಓಣಿಯ ಎದುರಿಗೆ ಅಳಬಾರದೆಂದು ಅಂಗಡಿಯೊಳಗೆ ಹೋಗಿ ಕತ್ತರಿ ಹುಡುಕುವ ನೆಪ ಮಾಡಿದೆ.

ನಾನು ಹೊರಗೆ ಬಂದಾಗ ಆಟ ನಡೆದಿತ್ತು. ಬಿಡುವ ಹೊತ್ತಿಗೆ ನಮ್ಮೆದುರು ಆನೆಗಳಿರಲಿಲ್ಲ, ಗಾಳಿಕಿಂಡಿಗಳ ಪಕ್ಕದ ಗೋಡೆಯಿತ್ತು. ದೂರದಲ್ಲಿ ಗಾಣಿಗೇರ ಓಣಿಯಿಂದ ಕೇಕೆ ಕೇಳಿಸಿತು. ನಮ್ಮ ಓಣಿಯವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಫಕೀರವ್ವನ ಮನೆಯ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ನಾಗರತ್ನ ಅಟ್ಟದಿಂದ ಕಬ್ಬು ಕಡಿಯುವ ಕುಡುಗೋಲು ಇಳಿಸಿ, ಕಟ್ಟೆಯ ಕಲ್ಲಿನ ಮೇಲೆ ಮಸೆಯುತ್ತಾ ಕೂತಳು.

ಮರುದಿನ ಅವರು ಒಲೆ ಹೊತ್ತು ಗಾಣಿಗೇರ ಓಣಿಗೆ ಹೊರಟಾಗ ಹಿಟ್ಟಿನ ಪಾತ್ರೆ ಹಿಡಿದು ನಾನೂ ಹೋದೆ. ಗ್ಯಾಂಗಿನ ಗಾಡಿ ಬರುವ ತನಕವಾದರೂ ತಾಯಿಗೆ ಆಸರೆಯಾಗಲೆಂದು ನಾಗರತ್ನ ಬಂದಿದ್ದಳು. ಓಣಿಯ ಬಾಯಿಗೆ ಬಂದು ನೋಡಿದರೆ, ಫಕೀರವ್ವ ಯಾವಾಗಲೂ ಕೂರುತ್ತಿದ್ದ ಜಾಗದ ಎರಡು ಪಾಲು ಅಗಲಕ್ಕೆ ನೆಲವನ್ನು ಸಗಣಿಯಿಂದ ಸಾರಿಸಿ, ಸುತ್ತ ರಂಗೋಲಿ ಎಳೆದಿದ್ದರು. ಪಕ್ಕದ ಎಣ್ಣೆಯಂಗಡಿಯವರು ತಮ್ಮ ಡಬ್ಬಿಗಳನ್ನೆಲ್ಲ ಒಳಗೆ ಎಳೆದುಕೊಂಡಿದ್ದರು. ನಡುವೆ ಎರಡು ಮಣೆ. ಹೊನ್ನವ್ವನೂ ಅವಳ ಓಣಿಯ ಹೆಂಗಸರೂ ಮೊರ ಹಿಡಿದು ನಿಂತಿದ್ದರು.

"ಕುಂದರ್ರಿ ಇಬ್ಬರೂ" ಎಂದಳು ಹೊನ್ನವ್ವ. "ಅಲ್ಲಿ ಒಂದ ಒಲಿ, ಇಲ್ಲಿ ಒಂದ ಒಲಿ. ಅರಳೆಪ್ಯಾಟಿಯವರಿಗೂ ಕ್ಯಾಂಪಿನವರಿಗೂ ಹೇಳಿ ಬಂದೀನಿ, ಇನ್ನಮ್ಯಾಲ ಎಲ್ಲಾ ಕಡೆ ಎರಡ ಒಲಿ ಜಾಗಾ ಬಿಡಬೇಕಂತ. ಹೂಂ ಅಂದಾರ. ಮೊದಲ ಉಡಿ ಒಡ್ಡು, ನಾಗಿ."

ನಾಗರತ್ನ ಗಾಬರಿಯಾಗಿ ಹಿಂದೆ ಸರಿದಳು. "ನನಗ ಹೆಂಗ ಅತ್ತಿ? ನಾ..."

"ತುಂಬಾಕಿ ಯಾರಂತ ಇಂಪೇರಿ ಕೇಳಲಿಲ್ಲ. ಒಡ್ಡಾಕಿ ಯಾರಂತ ನಾ ಯಾಕ ಕೇಳಲಿ?" ಎಂದು ಹೊನ್ನವ್ವ ಅವಳನ್ನು ಹಿಡಿದು ಮಣೆಯ ಮೇಲೆ ಕೂರಿಸಿದಳು. ನಾಗರತ್ನ ಸೆರಗು ಹಿಡಿದಳು. ಗಂಡ ಸತ್ತ ಮೇಲೆ ಯಾರೂ ಏನೂ ಹಾಕದಿದ್ದ ಆ ಸೆರಗಿಗೆ ಹೊನ್ನವ್ವ ಬೊಗಸೆ ಬೊಗಸೆ ಅಕ್ಕಿ ಸುರಿದಳು. ಆಮೇಲೆ ಫಕೀರವ್ವನಿಗೂ ತುಂಬಿದಳು. ಆನೆಗಳ ನಡುವೆ ಬಾಗಿಲಲ್ಲಿ ನಿಂತಿದ್ದ ನಾಡಿಗೇರರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಫಕೀರವ್ವ ಬಿಕ್ಕುತ್ತಲೇ ಒಲೆ ಹಚ್ಚಿದಳು. ಆ ದಿನದ ಭಜಿಯಲ್ಲಿ ಉಪ್ಪು ಕೊಂಚ ಹೆಚ್ಚಾಗಿತ್ತು, ಯಾರೂ ಹೇಳಲಿಲ್ಲ.

ದೀಪಾವಳಿ ಮುಗಿದ ಮೇಲೆ ಕಬ್ಬಿನ ಗ್ಯಾಂಗಿನ ಗಾಡಿ ನಮ್ಮ ಓಣಿಗೆ ಬಂತು. ಗ್ಯಾಂಗಿನ ಮೇಸ್ತ್ರಿ, ಮುಕಾದಮ, ಫಕೀರವ್ವನ ಬಾಗಿಲ ಬೀಗ ನೋಡಿ ನನ್ನ ಅಂಗಡಿಯ ಮುಂದೆ ಎತ್ತು ನಿಲ್ಲಿಸಿದ.

"ನಾಗರತ್ನ ಎಲ್ಲಿ ಹೋಗ್ಯಾಳ್ರಿ?"

"ತವರಮನಿಗೆ" ಎಂದೆ.

ಅವನು ಬೀಗದ ಕಡೆ ನೋಡಿದ, ನನ್ನ ಕಡೆ ನೋಡಿದ. "ಇದ ಅಲ್ಲೇನ್ರಿ ಆಕಿ ತವರಮನಿ?"

"ಇದೂ ಹೌದು" ಎಂದು ಹೇಳಿ ನಾನು ಯಂತ್ರ ತುಳಿಯತೊಡಗಿದೆ.